ಗುದ್ದಕ್ಕನ ಹೂಜಿ

ತಿಗರಿಯ ಮೇಲೆ ಹೂಜಿಯ ಕತ್ತು ಈ ಸಲ ಕುಸಿಯಲಿಲ್ಲ. ಒದ್ದೆ ಮಣ್ಣು ಕುಂಬಾರ್ತಿಯ ಹೆಬ್ಬೆರಳಿನ ಮಾತು ಕೇಳುತ್ತ, ಎಳೆದಷ್ಟೂ ಮೇಲೆದ್ದಿತು. ಇಷ್ಟು ವರ್ಷ ಅಮ್ಮನ ಕೈಗೆ ಮಾತ್ರ ಒಲಿದಿದ್ದ ಕತ್ತು ಅದು. ಗೋಡೆಗೊರಗಿ ಕೂತಿದ್ದ ಅಮ್ಮ, "ಬಂತು ನೋಡು, ಕೊನೆಗೂ ಬಂತು!" ಎಂದಳು.

ಎದುರಿಗೆ ಗಂಡ ಫೋನು ಹಿಡಿದು ನಿಂತಿದ್ದ. ಹಿಂದೊಮ್ಮೆ ಸೊಟ್ಟಗಾದ ಗಡಿಗೆಯೊಂದನ್ನು ಇವಳು ಸಿಟ್ಟಿನಲ್ಲಿ ಗುದ್ದಿ ಅಪ್ಪಚ್ಚಿ ಮಾಡಿದ ವಿಡಿಯೋ ಊರೂರು ಸುತ್ತಿತ್ತು. ನೋಡಿದವರೇ 'ಗುದ್ದಕ್ಕ' ಎಂದು ಹೆಸರಿಟ್ಟರು. ಆ ಮಣ್ಣಿನ ಕೈಯನ್ನು ತಮ್ಮ ಸೋಪಿನಲ್ಲಿ ತೊಳೆದು ತೋರಿಸಿದರೆ ದುಡ್ಡು ಕೊಡುತ್ತೇವೆಂದು ಸೋಪಿನ ಕಂಪನಿಯವರು ಹುಡುಕಿಕೊಂಡು ಬಂದರು. ಅಲ್ಲಿಂದ ಮನೆ ನಡೆದದ್ದು ಗಡಿಗೆಯಿಂದಲ್ಲ, ಗುದ್ದಿನಿಂದ. ಸಿಟ್ಟು ಬರದಿದ್ದರೂ ಗುದ್ದುವುದು, ಗುದ್ದಿ ಫೋನಿನತ್ತ ಹಲ್ಲು ಬಿಡುವುದು ಅವಳಿಗೆ ರೂಢಿಯಾಗಿಬಿಟ್ಟಿತು.

"ಲೈವಲ್ಲಿ ಎಲ್ರೂ ಗುದ್ದು, ಗುದ್ದು ಅಂತಿದಾರೆ ಕಣೇ," ಎಂದ ಗಂಡ, ಹೂಜಿಯನ್ನು ನೋಡಿ ತಡವರಿಸಿದ. "ಬೇಡ, ಇದೊಂದು ಇರ್ಲಿ ಬಿಡು."

ಅಷ್ಟರಲ್ಲಿ ಹೂಜಿಯ ಮೇಲೆ ಅವಳ ಮುಷ್ಟಿ ಬಿದ್ದಾಗಿತ್ತು. ಪರದೆಯ ತುಂಬ ಕೆಂಪು ಹೃದಯಗಳು ಹಾರಿದವು. ತಿಗರಿ ಮಾತ್ರ ಚಪ್ಪಟೆ ಮಣ್ಣನ್ನು ಹೊತ್ತು ಇನ್ನೂ ಸುತ್ತುತ್ತಲೇ ಇತ್ತು.

"ಯಾಕೆ ಮಗಳೇ, ಚೆನ್ನಾಗೇ ಬಂದಿತ್ತಲ್ಲ?" ಅಮ್ಮ ಕೇಳಿದಳು.

ಏನಾದರೂ ಹೇಳಬೇಕೆಂದು ಅವಳು ಅಮ್ಮನ ಕಡೆ ತಿರುಗಿದಳು. ಮುಖದ ಮೇಲೆ ಗುದ್ದಕ್ಕನ ನಗು ಹಾಗೇ ನಿಂತಿತ್ತು; ಏನು ಮಾಡಿದರೂ ಇಳಿಯಲೊಲ್ಲದು.