ಹೊಸ ಆಂಟಿಬಾಡಿ

ಜೀನುಗಳನ್ನು ಎಬ್ಬಿಸುವ ಒಂದು ಪ್ರೋಟೀನು ಕ್ಯಾನ್ಸರ್ ಗಡ್ಡೆಯಲ್ಲಿದೆ ಎಂದು ತೋರಿಸಿ ಪ್ರೊಫೆಸರ್ ಪುರಾಣಿಕ ಹೆಸರು ಮಾಡಿದ್ದರು. ಅದನ್ನು ಪತ್ತೆಹಚ್ಚಲು ಅವರು ಬಳಸಿದ ಆಂಟಿಬಾಡಿಯನ್ನು ನಂಬುವಂತಿಲ್ಲ, ಆ ಪ್ರೋಟೀನೇ ಇಲ್ಲದ ಜೀವಕೋಶಕ್ಕೂ ಅದು ಅಂಟಿಕೊಳ್ಳುತ್ತದೆ ಎಂದು ವಿದ್ಯಾರ್ಥಿನಿ ಮಂದಾಕಿನಿ ಹೇಳಿದಾಗ ಅವರು ಎದ್ದು ಪ್ರಯೋಗಾಲಯದ ಚಿಲಕ ಹಾಕಿದರು.

"ಯಾರ್ಯಾರಿಗೆ ಹೇಳಿದ್ದೀಯ?"

"ಯಾರಿಗೂ ಇಲ್ಲ ಸರ್. ನಾನೇ ಹೊಸ ಆಂಟಿಬಾಡಿ ಮಾಡಿ ಮತ್ತೆ ಪರೀಕ್ಷೆ ಮಾಡಿದೆ. ಅದರಲ್ಲಿ..."

ಕೆನ್ನೆಗೆ ಬಿದ್ದ ಏಟಿಗೆ ಅವಳ ತಲೆ ಮೇಜಿನ ಅಂಚಿಗೆ ಬಡಿಯಿತು. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು.

"ನನ್ನ ಅರ್ಧ ಆಯುಷ್ಯದ ದುಡಿಮೆ ಕಣೇ ಅದು! ನನ್ನ ಮುಖಕ್ಕೇ ಮಸಿ ಬಳೀತೀಯಾ?"

"ಸರ್, ಪೂರ್ತಿ ಕೇಳಿ..."

ಅವರು ಕೇಳಲಿಲ್ಲ. ನೆಲಕ್ಕೆ ಕುಸಿದವಳ ಪಕ್ಕೆಗೆ ಒದ್ದರು. ಅವರಿಗೆ ತೋರಿಸಲೆಂದು ತಂದಿದ್ದ, ಹೊಸ ಆಂಟಿಬಾಡಿಯಿದ್ದ ಪುಟ್ಟ ಸೀಸೆಯನ್ನು ಅವಳು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು. ಬೆರಳುಗಳು ಬಿಚ್ಚಿಕೊಳ್ಳುವ ತನಕ ಅವರು ಅವಳ ಮಣಿಕಟ್ಟನ್ನು ಬೂಟಿನಿಂದ ತುಳಿದರು. ಸೀಸೆಯನ್ನು ಕಿತ್ತು ಗೋಡೆಗೆ ಅಪ್ಪಳಿಸಿದರು. ಗಾಜು ಚೂರುಚೂರಾಗಿ ಸಿಡಿಯಿತು.

"ಇನ್ನೂ ಇಟ್ಟಿದ್ದೀಯಾ?"

"ಇಲ್ಲ ಸರ್. ಇದ್ದದ್ದು ಅದೊಂದೇ."

"ಇನ್ನೊಮ್ಮೆ ಮಾಡೋಕಾಗುತ್ತಾ?"

"ಆಗಲ್ಲ. ಎಷ್ಟೋ ಮೊಲಗಳಿಗೆ ಆ ಪ್ರೋಟೀನು ಚುಚ್ಚಿದ್ದೆ, ಒಂದರ ರಕ್ತದಲ್ಲಿ ಮಾತ್ರ ಸರಿಯಾದದ್ದು ಸಿಕ್ಕಿತ್ತು. ಆ ಮೊಲ ಮೊನ್ನೆ ಸತ್ತೋಯ್ತು."

ಪುರಾಣಿಕ ದೀರ್ಘವಾಗಿ ಉಸಿರುಬಿಟ್ಟು ಕುರ್ಚಿಯಲ್ಲಿ ಕುಳಿತರು.

"ಈಗ ಹೇಳು. ಏನು ಕಾಣಿಸ್ತು ಅದರಲ್ಲಿ?"

ಮಂದಾಕಿನಿ ಸೆರಗಿನಿಂದ ಕಣ್ಣಿನ ರಕ್ತ ಒರೆಸಿಕೊಂಡಳು.

"ನಿಮ್ಮ ಪ್ರೋಟೀನು, ಸರ್. ಗಡ್ಡೆಯಲ್ಲಿ ಅದು ನಿಜವಾಗ್ಲೂ ಇತ್ತು."