ಅಂಕುಡೊಂಕು ಜಿಲೇಬಿ

ಜಿಲೇಬಿ ಅಂಗಡಿಯ ಮುರಿಗೆಪ್ಪನ ಎರಡೂ ಕೈ ನಡುಗುತ್ತಿದ್ದವು. ಡಾಕ್ಟರು ಸದ್ಯಕ್ಕೆ ಒಂದೇ ಕೈ ಸರಿಮಾಡಬಹುದು ಎಂದರು. ಎಡಗೈಯಲ್ಲಿ ಕೊಟ್ಟದ್ದನ್ನು ಊರಲ್ಲಿ ಯಾರೂ ತಿನ್ನುವುದಿಲ್ಲವಾದ್ದರಿಂದ ಬಲಗೈಯೇ ಆಗಲಿ ಎಂದ.

ತಲೆ ಬೋಳಿಸಿ ಮಷೀನಿನೊಳಗೆ ಮಲಗಿಸಿದರು. ಚಾಕು ಇಲ್ಲ, ಹೊಲಿಗೆ ಇಲ್ಲ. ಶಬ್ದದ ಅಲೆಯೇ ತಲೆಯೊಳಗೆ ಹೊಕ್ಕು ನಡುಕದ ಬೇರು ಸುಡುತ್ತದಂತೆ. ನಡುನಡುವೆ ಕಾಗದ ಹಿಡಿದು ಸುರುಳಿ ಬರೆಸಿದರು. ಕೊನೆಯ ಸುರುಳಿ ದುಂಡಗೆ ಬಂತು.

ಮರುವಾರ ಬಾಣಲೆಯಲ್ಲಿ ಜಿಲೇಬಿಯೂ ದುಂಡಗೆ ಬಿತ್ತು.

"ಇದು ಮಷೀನ್ ಜಿಲೇಬಿ. ನಿನ್ನ ಕೈಯ ಅಂಕುಡೊಂಕು ಜಿಲೇಬಿ ಕೊಡಪಾ," ಎಂದರು ಗಿರಾಕಿಗಳು.

"ನಾನ ಹಾಕೇನ್ರಿ," ಎಂದರೂ ನಂಬಲಿಲ್ಲ. ಮುರಿಗೆಪ್ಪ ನೊಣ ಹೊಡೆಯುತ್ತ ಕೂತ.

ಒಂಬತ್ತು ತಿಂಗಳ ಮೇಲೆ ಡಾಕ್ಟರು ಅಂಗಡಿಗೆ ಬಂದರೆ ರಸ್ತೆಯವರೆಗೆ ಸಾಲು, ತಟ್ಟೆಯ ತುಂಬ ಹಳೇ ಅಂಕುಡೊಂಕು ಜಿಲೇಬಿ. ಅವರ ಮುಖ ಬಾಡಿತು.

"ಮತ್ತ ನಡುಕ ಶುರು ಆತೇನ್ರಿ?"

ಮುರಿಗೆಪ್ಪ ಬಲಗೈಯಿಂದ ತುಂಬಿದ ಚಹಾ ಲೋಟ ಎತ್ತಿ ಕೊಟ್ಟ. ಒಂದು ಹನಿಯೂ ಚೆಲ್ಲಲಿಲ್ಲ.

ಡಾಕ್ಟರಿಗೆ ಜೀವ ಬಂತು. "ಹಂಗಾದ್ರ ಎಡಗೈನೂ ಮಾಡಿಬಿಡೂಣು."

ಮುರಿಗೆಪ್ಪ ಜಿಲೇಬಿ ಹಿಂಡುವ ಹಿಟ್ಟಿನ ಬಟ್ಟೆ ಹಿಡಿದಿದ್ದ ಎಡಗೈಯನ್ನು ಬೆನ್ನ ಹಿಂದೆ ಸರಿಸಿದ.

"ಇದನ್ನ ಮುಟ್ಟಬ್ಯಾಡ್ರಿ, ಡಾಕ್ಟರ. ಇದು ಅಂಗಡಿ ಕೈ."