ಹೆಚ್ಚಿನ ಒಂದಡಿ

"ಮಿಕ್ಕ ಬಟ್ಟೆ ಎಲ್ಲೋಯ್ತು? ಗಾಳಿಗೆ ಹಾರ್ಹೋಯ್ತಾ?" ಮೇಜಿನ ಮೇಲೆ ಉಳಿದಿದ್ದ ಮೂರಡಿ ತುಂಡನ್ನು ಎತ್ತಿ ಹಿಡಿದು ದರ್ಜಿ ಮಗಳ ಮೇಲೆ ಹರಿಹಾಯ್ದ. "ಆರು ಪರದೆ, ಒಂದೊಂದಕ್ಕೆ ಎಂಟಡಿ. ಸರಿಯಾಗಿ ನಲವತ್ತೆಂಟಡಿ ತಂದಿದ್ದೀನಿ. ಐದಕ್ಕೇ ಮುಗಿಸಿದ್ದೀಯಲ್ಲ, ತಲೆ ಎಲ್ಲಿಟ್ಟಿದ್ದೆ?"

ಮಗಳು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಕಿಟಕಿ ಎತ್ತರ ಎಷ್ಟಪ್ಪಾ ಅಂತ ಕೇಳ್ದೆ. ನೀನು ಎಂಟಡಿ ಅಂದೆ. ಮೇಲೆ ಕೆಳಗೆ ಮಡಿಸಿ ಹೊಲಿಯೋಕೆ ಒಂದಡಿ ಸೇರಿಸಿ ಒಂಬತ್ತು ಕತ್ತರಿಸ್ದೆ. ಒಂಬತ್ತೈದ್ಲಿ ನಲವತ್ತೈದು. ಇನ್ನೇನು ಉಳಿಯತ್ತೆ, ನನ್ನ ತಲೆ?"

ದರ್ಜಿಯ ದನಿ ಇಳಿಯಿತು. "ಕಿಟಕಿ ಏಳೇ ಅಡಿ. ದೊಡ್ಡ ಮನೆ ಕೆಲಸ, ಮಡಿಸೋಕೆ ಬಿಡೋದನ್ನ ನೀನೆಲ್ಲಿ ಮರೆತುಬಿಡ್ತೀಯೋ ಅಂತ ನಾನೇ ಒಂದಡಿ ಸೇರಿಸಿ ಹೇಳಿದ್ದೆ."

"ಇಷ್ಟು ವರ್ಷದಿಂದ ಕತ್ತರಿಸ್ತಿದ್ದೀನಿ. ಒಂದೇ ಒಂದು ಸಲ ಮರೆತಿದ್ದೀನಾ?"

ಅವಳು ಕೈಚಾಚಿ, ಅಪ್ಪನ ಕೊರಳಲ್ಲಿ ಸದಾ ನೇತಾಡುತ್ತಿದ್ದ ಅಳತೆಯ ಟೇಪನ್ನು ಸರ್ರನೆ ಎಳೆದು ತನ್ನ ಕೊರಳಿಗೆ ಹಾಕಿಕೊಂಡಳು.

"ಇನ್ಮೇಲೆ ಅಳೆಯೋಕೆ ನಾನು ಹೋಗ್ತೀನಿ. ಕತ್ತರಿ ಅಲ್ಲಿದೆ. ನಾನು ಹೇಳಿದಷ್ಟು ಕತ್ತರಿಸು."